ಐದು ಸೆಕೆಂಡಿಗೊಮ್ಮೆ

ಶಾಲೆ ಬಿಟ್ಟು ರಿಯೋನಿ ಹೊಳೆಯ ಸೇತುವೆ ದಾಟುವಾಗ
ವಾಝಾನ ಫೋನು: "ಟೀಚರ್, ನನ್ನ ಡಬ್ಬ ಸತ್ತಿತು.
ಗುರುವಾರಕ್ಕೆ ಒಂದು ಕಲ್ಲು ಕೊಡಬೇಕು."

ಕುತೈಸಿಯ ಅರ್ಧ ಊರಿಗೆ ಸಮಾಧಿಕಲ್ಲು ಕೊರೆದವನು ಅವನು.
ಬಸಾಲ್ಟಿನ ಪುಡಿ ಅವನ ಹುಬ್ಬಿನಲ್ಲಿ, ಕೀಬೋರ್ಡಿನ ಸಂದಿಯಲ್ಲಿ,
ನನಗೆಂದು ತೊಳೆದಿಟ್ಟ ಲೋಟದ ತಳದಲ್ಲೂ.
ಹನ್ನೊಂದು ವರ್ಷದ ಹಳೆಯ ಯಂತ್ರ;
ಒಂದು ಭಾನುವಾರ ನಾನೇ ಲಿನಕ್ಸ್ ಹಾಕಿಕೊಟ್ಟೆ.
ಅಂದಿನಿಂದ ಅದರ ನೆಗಡಿ ಕೆಮ್ಮಿಗೆಲ್ಲ
ನಾನೇ ತವರುಮನೆ.

ನೋಡಿದರೆ, ಸತ್ತಿಲ್ಲ.
ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ತೆರೆ ಒಮ್ಮೆ ಕಪ್ಪಾಗಿ
ಮತ್ತೆ ಪಾಸ್‌ವರ್ಡ್ ಕೇಳುತ್ತದೆ.
ಹೋದೆಯಾ ಪಿಶಾಚಿ ಅಂದರೆ ಗವಾಕ್ಷಿಯಲ್ಲಿ ಬಂದ ಹಾಗೆ.
"ಸರಿಯಾಗಿ ಹೇಳಿದೆಯಾ?"
"ಹೆಂಡತಿ ಹುಟ್ಟಿದ ದಿನ. ಹೇಗೆ ತಪ್ಪುತ್ತದೆ?"
ಒಳಗಿನಿಂದ ಎತೇರಿ: "ಹದಿನಾರಲ್ಲ, ಹದಿನೇಳು!
ಮೂವತ್ತು ವರ್ಷದಿಂದ ಹದಿನೇಳು!"
ಯಂತ್ರ ಮಾತ್ರ ಹದಿನಾರಕ್ಕೇ ತಲೆದೂಗುತ್ತದೆ.
ರೋಗ ಬೇರೆಲ್ಲೋ ಇದೆ.

ಕಂಟ್ರೋಲ್, ಆಲ್ಟ್, ಎಫ್ ಮೂರು ಒಟ್ಟಿಗೆ ಒತ್ತಿದೆ.
ಗುಲಾಬಿ ಬೆಟ್ಟದ ವಾಲ್‌ಪೇಪರು ಉದುರಿ
ಕಪ್ಪಿನ ಮೇಲೆ ಬಿಳಿ ಅಕ್ಷರ.
"ಓ, ಇದು ನನ್ನ ಕಸುಬು," ಎಂದು ಕುರ್ಚಿ ಹತ್ತಿರ ಎಳೆದ.

ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ಕೇಳಿದೆ.
ತುಂಬಿದ್ದು ನೂರಕ್ಕೆ ನೂರು.
ಇಪ್ಪತ್ತಾರು ವರ್ಷ ಭೌತಶಾಸ್ತ್ರ ಕಲಿಸಿ
ಯಾರಿಗೂ ನಾನು ಕೊಡದ ಅಂಕ.
"ಮೊಮ್ಮಗಳ ವೀಡಿಯೊ ಮುಟ್ಟಬೇಡ," ಅಂದ,
ಮುಟ್ಟಿರಲಿಲ್ಲ. ಒಂದೊಂದೇ ಕೋಣೆಯ ತೂಕ ನೋಡುತ್ತ ಹೋದೆ:
ಕಲ್ಲಿನ ನಕ್ಷೆಗಳು, ಹಗುರ. ಹಾಡು, ಹಗುರ.
ಯಾರೂ ಕಾಲಿಡದ ಲಾಗಿನ ಕೋಣೆಯಲ್ಲಿ
ಒಂದೇ ಒಂದು ಫೈಲು, ಆನೆಯಂತೆ ಕೂತಿತ್ತು.

ಅದರ ಬಾಲ ಓದಿದೆ:
ಪ್ರಿಂಟರ್ ಉತ್ತರಿಸುತ್ತಿಲ್ಲ, ಐದು ಸೆಕೆಂಡಿನಲ್ಲಿ ಮತ್ತೆ ಕೇಳುವೆ.
ಪ್ರಿಂಟರ್ ಉತ್ತರಿಸುತ್ತಿಲ್ಲ, ಐದು ಸೆಕೆಂಡಿನಲ್ಲಿ ಮತ್ತೆ ಕೇಳುವೆ.
ನಡುವೆ ನಲವತ್ತು ಸಾಲು ಗೊಣಗಾಟ.
ತಲೆಯ ಕಡೆ ಹೋದೆ: ಹೋದ ವರ್ಷಕ್ಕೂ ಹಿಂದಿನ ಅಕ್ಟೋಬರ್.

"ಪ್ರಿಂಟರ್ ಎಲ್ಲಿ?"
"ಅಳಿಯ ಬಾತುಮಿಗೆ ಒಯ್ದ."
"ಇದಕ್ಕೆ ಹೇಳಲಿಲ್ಲವಾ?"
"ಇದಕ್ಕೆ ಏನಂತ ಹೇಳುವುದು?"
ಆರಿಸಿದರೆ ಮತ್ತೆ ಏಳದೇನೋ ಎಂಬ ಭಯಕ್ಕೆ
ಅವನು ಇದನ್ನು ಎಂದೂ ಆರಿಸಿದವನಲ್ಲ.
ಲೆಕ್ಕ ಹಾಕಿದೆ, ಹಾಳು ಅಭ್ಯಾಸ:
ದಿನಕ್ಕೆ ಹದಿನೇಳು ಸಾವಿರದ ಇನ್ನೂರ ಎಂಬತ್ತು ಸಲ.

ಫೈಲನ್ನು ಅಳಿಸಿದೆ.
ಮತ್ತೆ ಕೇಳಿದರೆ, ನೂರಕ್ಕೆ ನೂರು!
ಹೆಸರು ಹೋಗಿದೆ, ಭಾರ ಹೋಗಿಲ್ಲ.
ಬರೆಯುತ್ತಿದ್ದ ಸೇವಕ ಇನ್ನೂ ಕೈಬಿಟ್ಟಿಲ್ಲ;
ಅವನು ಬಿಡುವವರೆಗೆ ಅಳಿಸಿದ್ದೂ ಇದ್ದ ಹಾಗೇ.
ಅವನನ್ನು ನಿಲ್ಲಿಸಿ, ಮತ್ತೆ ಎಬ್ಬಿಸಿದೆ.
ಉಸಿರು ಬಿಟ್ಟಂತೆ ಮೂವತ್ತೊಂದಕ್ಕೆ ಇಳಿಯಿತು.

ಬೇರು ಉಳಿದಿತ್ತು: ಸಾಲಿನಲ್ಲಿ ನಿಂತ ಒಂದೇ ಕಾಗದ,
ಅಚ್ಚಾಗದೆ ಹದಿನೇಳು ತಿಂಗಳು.
ರದ್ದು ಮಾಡುವ ಮುನ್ನ ತೆರೆದು ತೋರಿಸಿದೆ.

ಬಿಚಿಕೋನ ಕಲ್ಲಿನ ಬಿಲ್ಲು.
ಎಂಟುನೂರ ನಲವತ್ತು ಲಾರಿ, ಅವನ ಮಕ್ಕಳ ಹೆಸರಿಗೆ.

ವಾಝಾ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
"ಬಿಲ್ಲು ಬರಲಿಲ್ಲ ಅಂದಿದ್ದ ಕಾಖಾ.
ಸುಳ್ಳ ಅಂದೆ. ಅಂಗಡಿಯಲ್ಲಿ, ಜನರ ಮುಂದೆ.
ಅವನ ಮದುವೆಗೂ ಹೋಗಲಿಲ್ಲ."
ಎತೇರಿ ಬಾಗಿಲಿಗೆ ಬಂದು ನಿಂತಳು,
ಈ ಸಲ ಯಾರನ್ನೂ ತಿದ್ದಲಿಲ್ಲ.

"ರದ್ದು ಮಾಡಲಾ?"
"ತಾಳು," ಅಂದ.

ತೆರೆಯ ಮೂಲೆಯಲ್ಲಿ ಬಾಣದ ಗುರುತು ಮಿಟುಕುತ್ತಿತ್ತು.
ಅಂಗಳದಲ್ಲಿ ಗುರುವಾರದ ಕಲ್ಲು, ಇನ್ನೂ ಅಕ್ಷರವಿಲ್ಲದ್ದು,
ಗೋಡೆಗೆ ಒರಗಿತ್ತು.
ನನಗೆ ಒಂದು ಶೀಶೆ ಅಜಿಕಾ ಕಟ್ಟಿಕೊಟ್ಟರು, ಖಾರದ್ದು.
ಸೇತುವೆಯವರೆಗೆ ಬಂದು ತಿರುಗಿದಾಗ
ಕಿಟಕಿಯಲ್ಲಿ ಅವನು ಫೋನು ಹಿಡಿದು ಕೂತಿದ್ದ,
ಕಿವಿಗಲ್ಲ,
ಅಂಗೈಯಲ್ಲಿ, ಕಲ್ಲಿನ ತುಂಡು ತೂಗುವವನ ಹಾಗೆ.